ಮಬ್ಬು ಬೆಳಕಿನ ಕಲ್ಲು

ಮಧ್ಯಾಹ್ನದ ಮೇಲೆ ಮರ್ಜೂಕ್ ಯಾವ ಕಲ್ಲಿಗೂ ಬೆಲೆ ಕಟ್ಟುತ್ತಿರಲಿಲ್ಲ. ಸಮುದ್ರದಂಡೆಯ ಬೇರುವಲ ಊರಿನ ಚೀನಾಕೋಟೆ ಕೇರಿಯ ರತ್ನದ ಕಲ್ಲಿನ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಬೆಳಗಿನ ಹೊತ್ತು ಬಿಸಿಲಿಗೆ ಬೆನ್ನು ಕೊಟ್ಟು ನಿಂತು, ಕಲ್ಲನ್ನು ಎಡಗೈಯ ಎರಡು ಬೆರಳ ಸಂದಿಯಲ್ಲಿ ಕೂರಿಸಿಕೊಂಡು, ಆಮೇಲೆ ಬಿಳಿ ಕಾಗದದ ಮೇಲಿಟ್ಟು, ಕೊನೆಗೆ ನೆರಳಿಗೆ ಸರಿದು ಇನ್ನೊಮ್ಮೆ ನೋಡಿಯೇ ಅವನು ಬಾಯಿ ಬಿಡುತ್ತಿದ್ದುದು. ಹೊತ್ತು ತಿರುಗಿತೆಂದರೆ ಬೆಳಕಿಗೆ ಹಳದಿ ಸೇರುತ್ತದೆ, ಮಾಣಿಕ್ಯ ಇದ್ದುದಕ್ಕಿಂತ ಹೆಚ್ಚು ಮೆರೆಯುತ್ತದೆ, ನೀಲ ಇದ್ದುದಕ್ಕಿಂತ ಹೆಚ್ಚು ಸೊರಗುತ್ತದೆ ಎನ್ನುವುದು ಅವನ ವಾಪ್ಪಾ, ಅಂದರೆ ಅಪ್ಪ, ಕಲಿಸಿದ ಪಾಠ. ವಾಪ್ಪಾ ತೀರಿಕೊಂಡು ಎಷ್ಟೋ ವರ್ಷವಾಗಿ, ಮಗನೇ ಅರವತ್ತರ ಹತ್ತಿರ ಬಂದಿದ್ದ. ಆದರೂ ಊಟವಾದ ಮೇಲೆ ಯಾರಾದರೂ ಪೊಟ್ಟಣ ಬಿಚ್ಚಿದರೆ ಕೈ ಅಡ್ಡ ಹಿಡಿದು, "ನಾಳೆ ಬಾರಪ್ಪಾ. ಈಗಿನ ಬಿಸಿಲು ಸುಳ್ಳು ಹೇಳ್ತದೆ" ಎನ್ನುತ್ತಿದ್ದ.

"ಈ ಮರ್ಜೂಕಿನ ಬಾಯಲ್ಲಿ ಚೆನ್ನಾಗಿದೆ ಅನ್ನಿಸ್ಕೋಬೇಕಾದ್ರೆ ಆ ಕಲ್ಲು ಹಜ್ಜಿಗೆ ಹೋಗಿ ಬಂದಿರ್ಬೇಕು" ಎಂದು ಉವೈಸ್ ಹಾಜಿ ಬೀದಿಗೆಲ್ಲ ಕೇಳುವಂತೆ ಹೇಳಿ ನಗುತ್ತಿದ್ದರು. ಹಾಜಿಯ ಅಂಗಡಿಯ ಜಗಲಿಯೇ ಮರ್ಜೂಕಿನ ಕೂರುವ ಜಾಗ. ಸ್ವಂತ ಅಂಗಡಿ ಅವನಿಗೆ ಎಂದೂ ಆಗಲಿಲ್ಲ. ಕೊಳ್ಳುವವರಿಗೂ ಮಾರುವವರಿಗೂ ನಡುವೆ ನಿಂತು, ಇದ್ದದ್ದನ್ನು ಇದ್ದಂತೆ ಹೇಳಿ, ಸಿಕ್ಕಿದ ದಲಾಲಿ ಹಣದಲ್ಲಿ ಅವನು ಹೆಂಡತಿಯನ್ನೂ ಮಗಳನ್ನೂ ಸಾಕಿದ್ದ. ಹೆಂಡತಿ ಝುಲೈಹಾ ಮೂತ್ರಪಿಂಡದ ಕಾಯಿಲೆಯಲ್ಲಿ ಹೋದಳು. ಮಗಳು ರಿಸ್ನಾ ಮದುವೆ ಮುರಿದುಕೊಂಡು ಮನೆಗೆ ಬಂದಳು. ಅದೇ ಹೊತ್ತಿಗೆ ಬೀದಿಯೂ ಬರಿದಾಗತೊಡಗಿತು. ಹೊರದೇಶದ ವ್ಯಾಪಾರಿಗಳು ಬರುವುದು ನಿಂತು, ಅವರ ಫೋನುಗಳಷ್ಟೇ ಬರತೊಡಗಿದವು. ಹುಡುಗರೆಲ್ಲ ಬಿಳಿ ದೀಪದ ಕೆಳಗೆ ಚಿಮಟದಲ್ಲಿ ಕಲ್ಲನ್ನು ಹಿಡಿದು ತಿರುಗಿಸುತ್ತ ವಿಡಿಯೋ ತೆಗೆದು ಕಳಿಸುವುದೇ ವ್ಯಾಪಾರವಾಯಿತು.

ರಿಸ್ನಾ ಸುಮ್ಮನೆ ಕೂರುವ ಹೆಣ್ಣಲ್ಲ. ಅವಳಿಗೆ ಇಂಗ್ಲಿಷು ಬರುತ್ತಿತ್ತು, ಫೋನಿನಲ್ಲಿ ಕೈ ಚುರುಕು. ಅಪ್ಪನ ಹೆಸರಿನಲ್ಲೇ ಅಂತರ್ಜಾಲದಲ್ಲಿ ಒಂದು ಪುಟ ತೆರೆದು ಕಲ್ಲುಗಳ ಚಿತ್ರ ಹಾಕತೊಡಗಿದಳು. ಜಗಳ ಮೊದಲ ದಿನವೇ ಶುರುವಾಯಿತು.

"ಇದೇನು ಮಗಳೇ, ಈ ನೀಲ ನಾನು ಕೊಟ್ಟದ್ದೇನಾ?"

"ಅದೇ ವಾಪ್ಪಾ. ಸ್ವಲ್ಪ ಬೆಳಕು ಏರಿಸ್ದೆ."

"ಇದರ ಹೊಟ್ಟೇಲಿ ಬೂದಿ ಇದೆ. ನಿನ್ನ ಚಿತ್ರದಲ್ಲಿ ಎಲ್ಲಿ ಹೋಯ್ತು ಬೂದಿ?"

"ಬೂದಿ ತೋರಿಸಿದ್ರೆ ಯಾರು ಕೊಳ್ತಾರೆ? ಪಕ್ಕದಂಗಡಿಯವ್ರು ಮಾಡೋದು ನೋಡಿ. ಅವರ ಚಿತ್ರದಲ್ಲಿ ಕಲ್ಲು ಒಲೆ ಥರ ಉರೀತಿರ್ತದೆ."

"ಉರಿಯೋ ಚಿತ್ರ ನೋಡಿ ಕೊಂಡವನು ಕಲ್ಲು ಕೈಗೆ ಬಂದಾಗ ನಮ್ಮನ್ನ ಉರಿಸ್ತಾನೆ. ಬೆಳಗ್ಗೆ ಒಂದು, ನೆರಳಲ್ಲಿ ಒಂದು, ಮನೆ ದೀಪದ ಕೆಳಗೆ ಒಂದು. ಮೂರೂ ಹಾಕು. ಕೈ ಮೇಲಿಟ್ಟು ತೆಗಿ, ಬಣ್ಣ ಏರಿಸ್ಬೇಡ. ಕೊಳ್ಳೋನು ಕೊಳ್ಳಲಿ, ಬಿಡೋನು ಬಿಡಲಿ."

ಬಿಟ್ಟವರೇ ಹೆಚ್ಚು. ಆದರೆ ಕೊಂಡವರು ಮತ್ತೆ ಬಂದರು. ಚಿತ್ರಕ್ಕಿಂತ ಕಲ್ಲೇ ಚೆಂದ ಎಂದು ಕೆಲವರು ಪುಟದಲ್ಲಿ ಬರೆದರು. ಮನೆಗೆ ಅಕ್ಕಿ, ತೆಂಗಿನಕಾಯಿ, ಮೀನಿಗೆ ತೊಂದರೆಯಾಗದಷ್ಟು ಬರುತ್ತಿತ್ತು. ರಿಸ್ನಾಳ ಮುಖದಲ್ಲಿ ಸ್ವಲ್ಪ ಕಳೆಯೂ ಬಂದಿತ್ತು.

ಒಂದು ಸೆಪ್ಟೆಂಬರಿನಲ್ಲಿ ನಾರ್ವೆಯಿಂದ ಟೊರುನ್ ಎನ್ನುವ ಹೆಂಗಸು ಕರೆ ಮಾಡಿದಳು. ಅವಳ ಊರು ಆ ದೇಶದ ಉತ್ತರದ ತುದಿಯಲ್ಲಿ. ಅವಳ ಮಾತನ್ನು ರಿಸ್ನಾ ಅಪ್ಪನಿಗೆ ಬಿಡಿಸಿ ಹೇಳಿದಳು. ಅವಳ ಮಗಳು ಮಾರೆನ್, ಇನ್ನೂ ಕಾಲೇಜು ಓದುತ್ತಿದ್ದವಳು, ಹಿಂದಿನ ಚಳಿಗಾಲ ಹಿಮದ ರಸ್ತೆಯಲ್ಲಿ ಕಾರು ಜಾರಿ ಸತ್ತಿದ್ದಳು. ಟೊರುನ್‌ಗೆ ಒಂದು ಉಂಗುರ ಬೇಕು. ಅದರ ಕಲ್ಲು ಮಾರೆನ್ ಕಣ್ಣಿನ ಬಣ್ಣದ್ದೇ ಆಗಿರಬೇಕು.

"ಯಾವ ಬಣ್ಣ ಅಂತ ಕೇಳು" ಎಂದ ಮರ್ಜೂಕ್.

ರಿಸ್ನಾ ಕೇಳಿದಳು. "ಹಸಿರು" ಎಂದಳು ಟೊರುನ್. "ಅಲ್ಲ, ಬೂದು. ಅಲ್ಲ... ನಾನು ಚಿತ್ರ ಕಳಿಸ್ತೀನಿ."

ಚಿತ್ರಗಳು ಬಂದವು. ಒಂದರಲ್ಲಿ ಹುಡುಗಿ ದೋಣಿಯ ಮೇಲೆ ನಿಂತಿದ್ದಳು, ಕಣ್ಣು ನೀಲಿ. ಇನ್ನೊಂದರಲ್ಲಿ ಹಸಿರು ಶಾಲು ಹೊದ್ದಿದ್ದಳು, ಕಣ್ಣೂ ಹಸಿರು. ಹುಟ್ಟುಹಬ್ಬದ ಚಿತ್ರದಲ್ಲಿ ಕ್ಯಾಮೆರಾದ ಬೆಳಕು ಬಿದ್ದು ಎರಡು ಕೆಂಪು ಚುಕ್ಕೆಗಳಷ್ಟೇ ಉಳಿದಿದ್ದವು. ಮರ್ಜೂಕ್ ಅವನ್ನು ತನ್ನ ಫೋನಿನಲ್ಲಿ ನೋಡಿದ, ರಿಸ್ನಾಳ ಫೋನಿನಲ್ಲಿ ನೋಡಿದ, ಹಾಜಿಯ ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿದ. ಒಂದೊಂದರಲ್ಲಿ ಒಂದೊಂದು ಬಣ್ಣ.

"ಕಣ್ಣಿಗೆಲ್ಲಾ ಕಲ್ಲು ಹುಡುಕ್ತಾ ಕೂತ್ಕೊಂಡ್ರೆ ಹೊಟ್ಟೆಗೇನು ಹುಡುಕ್ತೀಯೋ?" ಎಂದರು ಹಾಜಿ. "ಒಂದು ಹಸಿರು ಕಲ್ಲು ಕಳ್ಸು, ಇದೇ ಅಂತ ಹೇಳು. ಆ ತಾಯಿಗೂ ಸಮಾಧಾನ ಬೇಕಷ್ಟೆ."

"ತಾಯಿಗೆ ಗೊತ್ತಾಗಲ್ವಾ ಹಾಜಿ?"

"ನಿನಗೆ ಗೊತ್ತಾ, ಝುಲೈಹಾ ಕಣ್ಣು ಯಾವ ಬಣ್ಣ ಇತ್ತು ಅಂತ?" ಹಾಜಿ ತಮಾಷೆಗೇ ಕೇಳಿದ್ದು.

ಮರ್ಜೂಕ್ ಕಂದು ಎಂದು ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಯಾವ ಕಂದು? ಇಪ್ಪತ್ತು ವರ್ಷದ ಹಿಂದೆ ಒಂದೇ ಬೆಳಿಗ್ಗೆ ಕಂಡು ಕೈಬಿಟ್ಟ ಪುಷ್ಯರಾಗದ ಹಳದಿ ಇವತ್ತಿಗೂ ಅವನ ಕಣ್ಣಿಗೆ ಕಟ್ಟಿದ ಹಾಗಿತ್ತು. ಜೀವಮಾನವಿಡೀ ಎದುರಿಗೆ ಕೂತು ಇಡಿಯಾಪ್ಪ ಬಡಿಸಿದವಳ ಕಣ್ಣು ನೆನಪಿಗೆ ಬರಲೊಲ್ಲದು. ಆ ಸಂಜೆ ಮನೆಗೆ ಹೋಗಿ ಮದುವೆಯ ಫೋಟೊ ಇಳಿಸಿ ನೋಡಿದ. ಅದು ಪೂರ್ತಿ ಕೆಂಪಡರಿತ್ತು. ಮಗಳನ್ನು ಕೇಳಿದ. "ಕಪ್ಪು ಅಲ್ವಾ ಉಮ್ಮಾದು?" ಎಂದಳು ಅವಳು. ನಾದಿನಿಯನ್ನು ಕೇಳಿದರೆ, "ಜೇನಿನ ಹಾಗಿತ್ತು ಮಚ್ಚಾನ್, ನಿಮಗೆ ಗೊತ್ತಿಲ್ವಾ?" ಎಂದು ಅವಳೇ ಅವನ ಮುಖ ನೋಡಿದಳು. ಆಮೇಲೆ ಅವನು ಯಾರನ್ನೂ ಕೇಳಲಿಲ್ಲ. ಆದರೆ ಟೊರುನ್‌ಗೆ ಏನೋ ಒಂದು ಕಳಿಸಿ ಕೈ ತೊಳೆದುಕೊಳ್ಳುವುದು ಅಲ್ಲಿಂದ ಮುಂದೆ ಅವನಿಂದ ಆಗದ ಮಾತಾಯಿತು.

ನೀಲದ ಜಾತಿಯಲ್ಲಿ ನೀಲಿಯೊಂದೇ ಅಲ್ಲ, ಹಳದಿ, ಹಸಿರು, ಬೂದು ಎಲ್ಲವೂ ಇವೆ. ಮರ್ಜೂಕ್ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರ ಪೊಟ್ಟಣ ಬಿಚ್ಚಿಸಿದ. ಅಕ್ಟೋಬರಿನ ಕೊನೆಗೆ ರತ್ನಪುರದ ಕಡೆಯ ಒಬ್ಬನ ಹತ್ತಿರ ಒಂದು ಕಲ್ಲು ಸಿಕ್ಕಿತು. ನೀಲಿ ಹಸಿರುಗಳ ನಡುವಿನ ಗಾಢ ಬಣ್ಣ, ಅಂಚಿನಲ್ಲಿ ತುಸು ಬೂದು, ಬೆಳಗಿನ ಬಿಸಿಲಿಗೆ ಹಿಡಿದರೆ ಒಳಗಿನಿಂದ ಬೆಳಕು ಚಿಮ್ಮುತ್ತಿತ್ತು. ವಿಡಿಯೋ ನೋಡಿದ ಟೊರುನ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತುಬಿಟ್ಟಳು. "ಅವಳೇ" ಎಂದಳು. ಕಲ್ಲು ನಾರ್ವೆಗೆ ಹೋಯಿತು.

ಹೊಸ ವರ್ಷದ ಹೊತ್ತಿಗೆ ಅದು ವಾಪಸು ಬಂತು. ಟೊರುನ್ ಸಿಟ್ಟು ಮಾಡಲಿಲ್ಲ, ಸೋತ ದನಿಯಲ್ಲಿ ಮಾತಾಡಿದಳು. "ಡಬ್ಬಿ ತೆಗೆದಾಗ ಕಪ್ಪಗಿತ್ತು. ಕಿಟಕಿ ಹತ್ರ ಹಿಡಿದೆ, ಆಗಲೂ ಕಪ್ಪು. ದೀಪದ ಕೆಳಗೆ ಹಿಡಿದ್ರೆ ಬಣ್ಣ ಬರ್ತದೆ, ಆದ್ರೆ ಅದು ಅಂಗಡಿ ಬಣ್ಣ. ನನ್ನ ಮಗಳದ್ದಲ್ಲ."

"ಕಿಟಕಿ ತೋರಿಸೋಕೆ ಹೇಳು" ಎಂದ ಮರ್ಜೂಕ್.

ಟೊರುನ್ ಫೋನನ್ನು ಕಿಟಕಿಯ ಕಡೆ ತಿರುಗಿಸಿದಳು. ಅಲ್ಲಿ ಆಗ ನಡುಹಗಲು. ಆದರೆ ಹೊರಗೆ ಸೂರ್ಯನೇ ಇರಲಿಲ್ಲ. ಹಿಮದ ಮೇಲೆ, ಮನೆಗಳ ಮೇಲೆ, ಕೊಲ್ಲಿಯ ನೀರಿನ ಮೇಲೆ ಒಂದೇ ಸಮನೆ ನೀಲಿಗಪ್ಪು ಮಬ್ಬು ಕವಿದಿತ್ತು. ಈ ಕಾಲದಲ್ಲಿ ಎಷ್ಟೋ ವಾರ ತಮ್ಮಲ್ಲಿ ಹೀಗೇ, ಸೂರ್ಯ ಮೇಲೇಳುವುದೇ ಇಲ್ಲ ಎಂದು ಅವಳು ಹೇಳಿದಳು. ಮಾರೆನ್ ಓದಲು ಬೇರೆ ಊರಿಗೆ ಹೋದ ಮೇಲೆ ರಜೆಗೆ ಮನೆಗೆ ಬರುತ್ತಿದ್ದುದು ಈ ಕಾಲದಲ್ಲೇ. ಬಂದರೆ ಈ ಕಿಟಕಿಯ ಹತ್ತಿರವೇ ಕೂರುತ್ತಿದ್ದಳಂತೆ.

ಮರ್ಜೂಕ್ ಜಗಲಿಯ ಮೇಲೆ ಕೂತು ಬಹಳ ಹೊತ್ತು ಕಾಲು ಅಲ್ಲಾಡಿಸುತ್ತಿದ್ದ. "ತಪ್ಪು ನನ್ನದು ಮಗಳೇ" ಎಂದ. "ನಮ್ಮ ಬಿಸಿಲಲ್ಲಿ ನೋಡಿ ಅವರ ಮಬ್ಬಿಗೆ ಕಲ್ಲು ಕಳಿಸಿದೆ. ಗಾಢ ಬಣ್ಣದ ಕಲ್ಲಿಗೆ ಬೆಳಕು ಹೆಚ್ಚು ಬೇಕು. ಬೆಳಕು ಸಾಲದೆ ಹೋದ್ರೆ ಅದು ಕಣ್ಣು ಮುಚ್ಕೊಂಡುಬಿಡ್ತದೆ. ಅಲ್ಲಿಗೆ ತೆಳು ಬಣ್ಣದ್ದೇ ಆಗ್ಬೇಕು."

"ಬಿಟ್ಬಿಡಿ ವಾಪ್ಪಾ. ದುಡ್ಡು ವಾಪಸ್ ಕೊಟ್ಟಾಯ್ತಲ್ಲ."

ಅವನು ಬಿಡಲಿಲ್ಲ. ವಾಪ್ಪಾ ಹಾಕಿಕೊಟ್ಟ ಪದ್ಧತಿಯನ್ನು ಜೀವಮಾನದಲ್ಲಿ ಮೊದಲ ಸಲ ಮುರಿದು, ಬೇರೆಯವರು ಕಲ್ಲು ಕಟ್ಟಿಡುವ ಹೊತ್ತಿಗೆ ಇವನು ಬಿಚ್ಚತೊಡಗಿದ. ಹಾಜಿಯ ಉಗ್ರಾಣದ ಕೋಣೆಯಲ್ಲಿ ಬಾಗಿಲನ್ನು ಬೆರಳಗಲ ತೆರೆದಿಟ್ಟು ನೋಡುತ್ತಿದ್ದ. ಮುಸ್ಸಂಜೆಗೆ ಸಮುದ್ರದ ದಂಡೆಗೆ ಹೋಗಿ ನೋಡುತ್ತಿದ್ದ. ಬೀದಿ ಬಾಯಿ ಮುಚ್ಚಿಕೊಂಡಿರಲಿಲ್ಲ.

"ಮರ್ಜೂಕ್ ನಾನಾ, ಕತ್ತಲೇಲಿ ನೋಡೋದಾದ್ರೆ ಕಲ್ಲಿದ್ದಲು ಕೊಡ್ಲಾ? ಅಗ್ಗ!" ಎಂದು ಎದುರಂಗಡಿಯ ಫರೂಸ್ ಕೂಗಿದರೆ ಸಾಲಿಗೆ ಸಾಲೇ ನಕ್ಕಿತು. ಮರ್ಜೂಕಿನ ಕೈಯಲ್ಲಿ ಬೇರೆ ವ್ಯಾಪಾರ ಕಡಿಮೆಯಾಗುತ್ತ ಬಂದಿತ್ತು. ಬೆಳಿಗ್ಗೆ ಬೆಲೆ ಕೇಳಲು ಬಂದವರು ಅವನು ಇನ್ನೂ ಜಗಲಿಗೆ ಬಂದಿಲ್ಲವೆಂದು ಬೇರೆಯವರ ಹತ್ತಿರ ಹೋಗುತ್ತಿದ್ದರು. ಮಳೆಗಾಲ ಶುರುವಾಯಿತು. ಮೋಡ ಕವಿದ ಜೂನ್ ಸಂಜೆಗಳು ಅವನಿಗೆ ಬೇಕಾದ ಬೆಳಕಾಗಿದ್ದವು.

ಕಲ್ಲು ಕೊನೆಗೆ ಸಿಕ್ಕಿದ್ದು ಹಾಜಿಯ ಮೇಜಿನ ಕೆಳಗಿನ ಖಾನೆಯಲ್ಲಿ. ಯಾರೂ ಕೊಳ್ಳದ, ಬಣ್ಣ ತೊಳೆದುಹೋದಂಥ ಕಲ್ಲುಗಳನ್ನು ಅವರು ಅಲ್ಲಿ ಒಂದು ತಗಡಿನ ಡಬ್ಬಿಯಲ್ಲಿ ಸುರಿದಿಟ್ಟಿದ್ದರು. ಹಗಲಲ್ಲಿ ಅದು ಒಡೆದ ಬಾಟಲಿಯ ಚೂರು. ನಟ್ಟನಡುವೆ ಕಿಟಕಿ ತೆರೆದ ಹಾಗೆ ಬೆಳಕು ಆಚೆಗೆ ಸೋರಿಹೋಗುತ್ತಿತ್ತು. ಆದರೆ ಜೋರು ಮಳೆಯ ಒಂದು ಸಂಜೆ, ಕರೆಂಟು ಹೋಗಿ ಅಂಗಡಿಯೆಲ್ಲ ಮಂಕಾದಾಗ, ಮರ್ಜೂಕ್ ಅದನ್ನು ಬೆರಳ ಸಂದಿಯಲ್ಲಿ ಕೂರಿಸಿ ಬಾಗಿಲ ಬಳಿ ಹಿಡಿದ. ಎಲ್ಲಿ ಅಡಗಿತ್ತೋ, ಹಸಿರು ಬೆರೆತ ಬೂದು ಬಣ್ಣವೊಂದು ನಿಧಾನಕ್ಕೆ ಮೇಲೆ ಬಂದು ನಿಂತಿತು. ಪಕ್ಕದ ಬೆಲೆಬಾಳುವ ಕಲ್ಲುಗಳೆಲ್ಲ ಕಪ್ಪಾಗಿ ಕೂತಿದ್ದವು.

"ಹಾಜಿ, ಇದು ಬೇಕು."

"ತಗೊಂಡು ಹೋಗು ಮಾರಾಯ. ಅದಕ್ಕೂ ದಲಾಲಿ ಕೇಳ್ಬೇಡ" ಎಂದರು ಹಾಜಿ ಮೇಣದಬತ್ತಿ ಹುಡುಕುತ್ತ.

ರಿಸ್ನಾ ಅದರ ಚಿತ್ರ ತೆಗೆಯಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಮಬ್ಬಿನಲ್ಲಿ ಹಿಡಿದರೆ ಫೋನು ತಾನಾಗಿಯೇ ಬೆಳಕು ಏರಿಸಿಕೊಂಡು ಕಲ್ಲನ್ನು ಬೆಳ್ಳಗೆ ಮಾಡುತ್ತಿತ್ತು. ಬೆಳಕು ಇಳಿಸಿದರೆ ಬರೀ ಮಸಿ. "ಸ್ವಲ್ಪ ಹಸಿರು ಸೇರಿಸ್ಲಾ ವಾಪ್ಪಾ? ನಿಮಗೆ ಕಂಡಷ್ಟೇ" ಎಂದು ಅವಳು ಕೇಳಿದಳು. ಮರ್ಜೂಕ್ ತಲೆಯಾಡಿಸಿದ, ಬೇಡವೆಂದು. ಹಸಿರು ಸೇರಿಸದ ಚಿತ್ರವೇ ಟೊರುನ್‌ಗೆ ಹೋಯಿತು. ಅವಳಿಂದ ಒಂದೇ ಮಾತು ಬಂತು: ಇದಲ್ಲ.

"ಚಿತ್ರ ನೋಡ್ಬೇಡಿ, ಕಲ್ಲು ನೋಡಿ ಅಂತ ಹೇಳು" ಎಂದ ಅವನು. "ದುಡ್ಡು ಈಗ ಬೇಡ. ಕಳಿಸ್ತೀನಿ. ಕೈಗೆ ಬಂದ ಮೇಲೆ ಹೇಳ್ಲಿ."

ಅಲ್ಲಿಂದ ಹೂಂ ಎಂದೂ ಬರಲಿಲ್ಲ, ಊಹೂಂ ಎಂದೂ ಬರಲಿಲ್ಲ. ಅವನೇ ಪೊಟ್ಟಣ ಕಟ್ಟಿ, ಕೊಡೆ ಹಿಡಿದು ಹೋಗಿ ಕಳಿಸಿ ಬಂದ. ಕಲ್ಲು ತಲುಪುವ ಹೊತ್ತಿಗೆ ಅಲ್ಲಿ ಯಾವ ಕಾಲವಿರುತ್ತದೆ ಎಂದು ಯೋಚಿಸಬೇಕೆಂದು ಅವನಿಗೂ ಹೊಳೆಯಲಿಲ್ಲ, ಮಗಳಿಗೂ ಹೊಳೆಯಲಿಲ್ಲ. ಅದು ತಲುಪಿದ್ದು ಜುಲೈಯಲ್ಲಿ. ಚಳಿಗಾಲದಲ್ಲಿ ಸೂರ್ಯ ಹುಟ್ಟದ ಆ ಊರಿನಲ್ಲಿ ಬೇಸಿಗೆಗೆ ಸೂರ್ಯ ಮುಳುಗುವುದೂ ಇಲ್ಲ.

ಪುಟದಲ್ಲಿ ಟೊರುನ್ ಬರೆದದ್ದನ್ನು ರಿಸ್ನಾ ಬೆಳಗಿನ ಚಹಾ ಕುಡಿಯುವಾಗ ಕಂಡಳು. ಓದುತ್ತಿದ್ದಂತೆ ಅವಳ ಮುಖ ಇಳಿಯಿತು. ಅಪ್ಪ ಏನದು ಎಂದು ಕೇಳಿದ್ದಕ್ಕೆ ದನಿಯೆತ್ತದೆ ಹೇಳಿದಳು: "'ನನ್ನ ಮಗಳನ್ನ ಕೇಳಿದ್ದೆ. ಇವರು ಗಾಜಿನ ಚೂರು ಕಳಿಸಿ ನನ್ನ ದುಃಖಕ್ಕೆ ಅಣಕ ಮಾಡಿದ್ರು' ಅಂತ ಬರೆದಿದ್ದಾರೆ ವಾಪ್ಪಾ."

ಮರ್ಜೂಕ್ ಕೈಯಲ್ಲಿದ್ದ ಬೆಲ್ಲದ ತುಂಡನ್ನು ತಟ್ಟೆಗೆ ವಾಪಸು ಇಟ್ಟ.

ರಿಸ್ನಾ ಎಷ್ಟು ಕರೆ ಮಾಡಿದರೂ ಟೊರುನ್ ಎತ್ತಲಿಲ್ಲ. ಆ ಮಾತಿನ ಕೆಳಗೆ ಗೊತ್ತಿಲ್ಲದವರೆಲ್ಲ ಬಂದು ಬರೆದರು. ಸತ್ತ ಮಗುವಿನ ಹೆಸರಲ್ಲಿ ಮೋಸ ಮಾಡುವವರು ಎಂದರು, ಇವರ ಚಿತ್ರವೆಲ್ಲ ಸುಳ್ಳು ಎಂದರು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಮೌನವಾದರು. ಬೀದಿಯಲ್ಲಿ ಕಲ್ಲು ಕೊಡುವವರೂ ಹಿಂದೆ ಮುಂದೆ ನೋಡತೊಡಗಿದರು. ಫರೂಸ್ ಈಗ ಗೇಲಿ ಮಾಡುತ್ತಿರಲಿಲ್ಲ, ಮರ್ಜೂಕ್ ಬಂದರೆ ಫೋನು ನೋಡುವವನಂತೆ ತಲೆ ತಗ್ಗಿಸುತ್ತಿದ್ದ. ಮರ್ಜೂಕಿಗೆ ಗೇಲಿಗಿಂತ ಅದೇ ಹೆಚ್ಚು ಚುಚ್ಚಿತು.

"ಒಂದು ಚಿತ್ರಕ್ಕೆ ಒಂದು ಚಿಟಿಕೆ ಹಸಿರು ಹಾಕೋಕೆ ಬಿಡ್ಲಿಲ್ಲ ನೀವು" ಎಂದಳು ರಿಸ್ನಾ ಒಂದು ದಿನ. "ನಾನು ಕಟ್ಟಿದ್ದು ವಾಪ್ಪಾ ಆ ಪುಟ. ಮದುವೆ ಹೋಯ್ತು, ಉಮ್ಮಾ ಹೋದ್ರು, ಅದೊಂದಿತ್ತು ನನಗೆ."

"ಹಸಿರು ಹಾಕಿದ್ರೂ ಜುಲೈ ಬಿಸಿಲು ಜುಲೈ ಬಿಸಿಲೇ ಅಲ್ವಾ ಮಗಳೇ."

"ಹೂಂ. ಎಲ್ಲಾದಕ್ಕೂ ಬಿಸಿಲೇ ಕಾರಣ ನಿಮಗೆ" ಎಂದು ಅವಳು ಎದ್ದು ಒಳಗೆ ಹೋದಳು. ಆಗಸ್ಟಿನಲ್ಲಿ ಪುಟವನ್ನು ಮುಚ್ಚಿಬಿಟ್ಟಳು. ಮರ್ಜೂಕ್ ಹಾಜಿಯ ಜಗಲಿಗೆ ಹೋಗುವುದನ್ನೂ ಕಡಿಮೆ ಮಾಡಿದ. ಹೋದರೂ ಪೊಟ್ಟಣ ಬಿಚ್ಚುವವರಿರಲಿಲ್ಲ. ಹಾಜಿ ಅವನಿಗೆಂದು ಚಹಾ ತರಿಸಿ, ಹವಾಮಾನ, ಮೀನಿನ ಬೆಲೆ, ಮೊಣಕಾಲು ನೋವು ಎಂದು ಏನೇನೋ ಮಾತಾಡುತ್ತಿದ್ದರು. ಕಲ್ಲಿನ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ನವೆಂಬರ್ ಕಳೆಯುತ್ತ ಬಂದಾಗ, ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಮರ್ಜೂಕ್ ಚಾಪೆ ಮಡಿಸುತ್ತಿದ್ದ. ರಿಸ್ನಾ ಫೋನು ಹಿಡಿದು ಬಂದಳು. "ಅವರೇ" ಎಂದಳು. ಅವಳ ಮುಖದಲ್ಲಿ ಸಿಟ್ಟಿತ್ತು.

ಟೊರುನ್ ಬಹಳ ಸೊರಗಿದ್ದಳು. ಮಾತನ್ನು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಎರಡು ಸಲ ತಡವರಿಸಿದಳು. ಕಲ್ಲನ್ನು ವಾಪಸು ಕಳಿಸಬೇಕೆಂದು ಖಾನೆಯಲ್ಲಿ ಹಾಕಿದ್ದಳಂತೆ, ಅಂಚೆಗೆ ಹೋಗುವ ಮನಸ್ಸೂ ಆಗದೆ ಅಲ್ಲಿಯೇ ಉಳಿದಿತ್ತು. ಹಿಂದಿನ ದಿನ ಕತ್ತರಿ ಹುಡುಕುತ್ತ ಖಾನೆ ಎಳೆದಾಗ ಪೊಟ್ಟಣ ಬಿಚ್ಚಿ ಬಿದ್ದಿತು. ಸೂರ್ಯ ಹೋಗಿ ಆಗಲೇ ಕೆಲವು ದಿನವಾಗಿತ್ತು. ದೀಪ ಹಾಕಿರಲಿಲ್ಲ. "ನೆಲದ ಮೇಲಿಂದ ಅವಳು ನನ್ನನ್ನ ನೋಡಿದ್ಲು" ಎಂದಳು ಟೊರುನ್. "ನಾನು ಅಲ್ಲೇ ಕೂತ್ಬಿಟ್ಟೆ. ಸಾಯಂಕಾಲದ ತನಕ ಎದ್ದಿಲ್ಲ. ನಾನು ನಿಮಗೆ ಏನೆಲ್ಲಾ ಅಂದ್ಬಿಟ್ಟೆ..."

ರಿಸ್ನಾ ಅದನ್ನು ಅಪ್ಪನಿಗೆ ಹೇಳುವಾಗ ಅವಳ ದನಿಯಲ್ಲಿದ್ದ ಸಿಟ್ಟು ಎಲ್ಲೋ ನಡುವೆ ಕಳಚಿಹೋಯಿತು.

ಟೊರುನ್ ಬೆರಳ ಸಂದಿಯಲ್ಲಿ ಕಲ್ಲನ್ನು ಹಿಡಿದು ಕಿಟಕಿಯ ಕಡೆ ಚಾಚಿದಳು. "ಕಾಣ್ತಾ ಇದೆಯಾ ನಿಮಗೆ?"

ಮರ್ಜೂಕ್ ಕನ್ನಡಕ ಹಾಕಿಕೊಂಡು ಫೋನನ್ನು ಮುಖದ ಹತ್ತಿರಕ್ಕೆ ತಂದ. ಒಂದು ಕೈ, ಅದರ ಹಿಂದೆ ನೀಲಿ ಮಬ್ಬು, ನಡುವೆ ಒಂದು ಕಪ್ಪು ಚುಕ್ಕೆ. "ನನಗಿಲ್ಲಿ ಕಪ್ಪೇ ಕಾಣ್ತಿದೆ ಅಂತ ಹೇಳು" ಎಂದ ಮಗಳಿಗೆ. "ಅವರಿಗೆ ಕಂಡಿದ್ರೆ ಸಾಕು."

ಅದನ್ನು ಕೇಳಿ ಟೊರುನ್ ತಲೆಯಾಡಿಸಿದಳು. ಆಮೇಲೆ ಅವಳು ಮಗಳ ಬಗ್ಗೆ ಹೇಳತೊಡಗಿದಳು. ಮೊದಮೊದಲು ರಿಸ್ನಾ ಒಂದೊಂದನ್ನೂ ತಿಳಿಸಿ ಹೇಳುತ್ತಿದ್ದಳು, ಸ್ವಲ್ಪ ಹೊತ್ತಾದ ಮೇಲೆ ಸುಮ್ಮನಾದಳು. ಮರ್ಜೂಕ್ ಅರ್ಥವಾಗದ ಆ ಭಾಷೆಯನ್ನು ಕೊನೆಯವರೆಗೂ ಕೇಳಿಸಿಕೊಂಡು ಕೂತ. ಫೋನು ಇಡುವ ಮುಂಚೆ ಟೊರುನ್, ಬೇಸಿಗೆ ಬಂದರೆ ಇದು ಮತ್ತೆ ಬರಿಗಾಜು ಆಗುತ್ತದೆ, ಆಗಿನ ಬೆಳಕಿಗೆ ಇನ್ನೊಂದು ಕಲ್ಲು ಸಿಗಬಹುದೇ ಎಂದು ಕೇಳಿದಳು.

ಮರ್ಜೂಕ್ ಯೋಚಿಸಿ, "ಸಿಗಲ್ಲಮ್ಮಾ" ಎಂದ. "ಬೇಸಿಗೇಲಿ ಇದನ್ನ ಎತ್ತಿಡಿ."

ಕರೆ ಮುಗಿದ ಮೇಲೆ ರಿಸ್ನಾಳ ಕಣ್ಣಲ್ಲಿ ಹಳೆಯ ಚುರುಕು ಕಾಣಿಸಿತು. "ವಾಪ್ಪಾ, ಬರೆದದ್ದಕ್ಕೆ ಕ್ಷಮೆ ಕೇಳಿ ಎಲ್ಲರಿಗೂ ತಿಳಿಯೋ ಹಾಗೆ ಬರೀತಾರಂತೆ. ಪುಟ ಮತ್ತೆ ತೆಗೀತೀನಿ. ಮೇಲೆ ಅದನ್ನೇ ಹಾಕೋಣ, ಮಾರೆನ್ ಕಥೆ. ಜನ ಮುಗಿಬೀಳ್ತಾರೆ ನೋಡಿ."

"ಬೇಡ."

"ಯಾಕೆ ಬೇಡ? ಈ ಸಲ ಸುಳ್ಳೇನಿಲ್ವಲ್ಲ!"

"ಆ ತಾಯಿಯ ಮಗಳನ್ನ ನಮ್ಮ ಅಂಗಡಿ ಬಾಗಿಲಿಗೆ ತೂಗುಹಾಕ್ಬೇಡ ಮಗಳೇ."

ರಿಸ್ನಾ ಪುಟವನ್ನು ಮತ್ತೆ ತೆಗೆಯಲಿಲ್ಲ. ತಿಂಗಳು ಕಳೆಯುವುದರೊಳಗೆ ಅವಳು ಫರೂಸನ ಅಂಗಡಿಗೆ ಚಿತ್ರ ತೆಗೆಯುವ ಕೆಲಸಕ್ಕೆ ಸೇರಿದಳು. ಬಿಳಿ ದೀಪಗಳ ಕೆಳಗೆ ಅವಳ ಕೈಯಲ್ಲಿ ಕಲ್ಲುಗಳು ಒಲೆಯಂತೆ ಉರಿಯುತ್ತಿದ್ದವು, ಸಂಬಳವೂ ಸರಿಯಾಗಿ ಬರುತ್ತಿತ್ತು. ಸಂಜೆ ಮನೆಗೆ ಬಂದು ಅಪ್ಪನಿಗೆ ರೊಟ್ಟಿ ತಟ್ಟಿ, ತೆಂಗಿನಕಾಯಿ ಸಂಬಲ್ ಅರೆದು ಬಡಿಸುತ್ತಿದ್ದಳು. ಮೀನು ತಾಜಾ ಇತ್ತೇ, ಮಳೆ ನಿಂತಿತೇ ಎಂದು ಒಂದೆರಡು ಮಾತಾಗುತ್ತಿತ್ತು. ಮರ್ಜೂಕ್ ತಟ್ಟೆ ತೊಳೆದಿಟ್ಟು ಮನೆಯ ಜಗಲಿಗೆ ಬಂದು ಕೂರುತ್ತಿದ್ದ. ಅಂಗಡಿಯಲ್ಲಿ ಇವತ್ತು ಯಾವ ಕಲ್ಲು ಬಂತು ಎಂದು ಅವನು ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ.